ತಿದ್ದಿದ ಮೂಗನ್ನು ಮತ್ತೆ ತಿದ್ದುವ ಮುನ್ನ

ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಎಂಬ ಮಾಸಪತ್ರಿಕೆಯ 1794ನೆಯ ಇಸವಿಯ ಅಕ್ಟೋಬರ್ ಸಂಚಿಕೆಯಲ್ಲಿ ನಮ್ಮ ನಾಡಿಗೆ ಸಂಬಂಧಪಟ್ಟ ವಿಚಿತ್ರ ವರದಿಯೊಂದು ಪ್ರಕಟವಾಯಿತು. ಇಂಗ್ಲಿಷರ ಸೇನೆಯಲ್ಲಿ ಎತ್ತು ಹೊಡೆಯುವ ಕೆಲಸದಲ್ಲಿದ್ದ ಕಾವಸ್‌ಜಿ ಎಂಬ ಮರಾಠಾ ರೈತನು 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡಿದ್ದನು. ಒಂದು ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಕಳೆದ ಮೇಲೆ, ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಮನುಷ್ಯನು ಅವನಿಗೆ ಹೊಸ ಮೂಗನ್ನು ಕಟ್ಟಿಕೊಟ್ಟನು. ಆ ಕುಶಲಿಯ ಹೆಸರನ್ನು ಪತ್ರಿಕೆ ಬರೆದಿಡಲಿಲ್ಲ. ರೋಗಿಯ ಹೆಸರು ಮಾತ್ರ ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಉಳಿದಿದೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ವಿದ್ಯಾರ್ಥಿಗಳಿಗೆ ಈ ಕಥೆ ತೀರ ದೂರದ್ದೇನೂ ಅಲ್ಲ. ಅದೇ ಯುದ್ಧದಲ್ಲಿ ಪರಶುರಾಮಭಾವು ಪಟವರ್ಧನನ ಸೇನೆಯು ಇಂಗ್ಲಿಷರ ಒಂದು ತುಕಡಿಯೊಡನೆ ಸೇರಿ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿ 1791ರಲ್ಲಿ ಅದನ್ನು ಹಿಡಿಯಿತು. 1948ರವರೆಗೆ ಜಮಖಂಡಿ ಸಂಸ್ಥಾನವನ್ನು ಆಳಿದವರು ಅದೇ ಪಟವರ್ಧನ ಮನೆತನದವರು. ಪುಣೆಗೂ ಕೃಷ್ಣಾತೀರಕ್ಕೂ ಅಂದು ಸೈನಿಕರು, ವರ್ತಕರು, ವೈದ್ಯರು ನಿತ್ಯವೂ ಓಡಾಡುತ್ತಿದ್ದ ಕಾಲವದು.

ಆ ಶಸ್ತ್ರಕ್ರಿಯೆ ಹೇಗೆ ನಡೆಯಿತೆಂಬುದನ್ನು ವರದಿಗಾರನು ವಿವರವಾಗಿ ಬರೆದಿದ್ದಾನೆ. ಮೊದಲು ಮೇಣದ ತೆಳುವಾದ ಹಾಳೆಯನ್ನು ಮೂಗಿನ ಮೊಂಡಿಗೆ ಹೊಂದಿಸಿ ಮೂಗಿನ ಆಕಾರ ಕೊಡುವುದು. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತಲೂ ಗೆರೆ ಎಳೆಯುವುದು. ಗೆರೆಯ ಗುಂಟ ಚರ್ಮವನ್ನು ಬಿಡಿಸಿ, ಎರಡು ಕಣ್ಣುಗಳ ನಡುವೆ ಮಾತ್ರ ಸಣ್ಣದೊಂದು ಪಟ್ಟಿಯನ್ನು ಕತ್ತರಿಸದೆ ಉಳಿಸುವುದು. ಆ ಪಟ್ಟಿಯೊಳಗೆ ರಕ್ತನಾಳಗಳಿರುವುದರಿಂದ, ಕೆಳಕ್ಕೆ ತಿರುಚಿ ಕೂಡಿಸಿದ ಚರ್ಮವು ಹೊಸ ಜಾಗದಲ್ಲಿ ಬೇರೂರುವ ತನಕ ರಕ್ತ ಪಡೆಯುತ್ತಿರುತ್ತದೆ. ಅಂಟಿಗೆ ಬಳಸಿದ್ದು ನೀರಿನಲ್ಲಿ ನೆನೆಸಿದ ಕಾಚು. ನಾಲ್ಕು ದಿನಗಳ ಮೇಲೆ ತುಪ್ಪ ಸವರಿದ ಬಟ್ಟೆ. ಹತ್ತನೆಯ ದಿನ, ಹೊಳ್ಳೆಗಳು ಮುಚ್ಚಿಹೋಗದಂತೆ ಮೃದುವಾದ ಬಟ್ಟೆಯ ಬತ್ತಿಗಳನ್ನಿಟ್ಟರು. ಸುಮಾರು ಇಪ್ಪತ್ತೈದನೆಯ ದಿನ ಕಣ್ಣುಗಳ ನಡುವಿನ ಪಟ್ಟಿಯನ್ನು ಕತ್ತರಿಸುತ್ತಿದ್ದರು. ಆಗ ಹೊಸ ಮೂಗಿನ ರೂಪವನ್ನು ಸರಿಪಡಿಸಲು ಇನ್ನೂ ಸ್ವಲ್ಪ ಕೊಯ್ತ ಬೇಕಾಗುತ್ತದೆಂದು ವರದಿ ಹೇಳುತ್ತದೆ.

ಈ ಕೊನೆಯ ಮಾತು ನಮ್ಮ ಇಂದಿನ ವಿಷಯಕ್ಕೆ ಮುಖ್ಯವಾದುದು. ಆ ಇಟ್ಟಿಗೆಗಾರನು ಮೊದಲ ಕೊಯ್ತವನ್ನೇ ಕೊನೆಯದೆಂದು ಎಣಿಸಿರಲಿಲ್ಲ. ಅವನಿಗಿಂತ ಬಹು ಶತಮಾನಗಳ ಹಿಂದಿನ ಸುಶ್ರುತ ಸಂಹಿತೆಯೂ ಹಾಗೆ ಎಣಿಸಿಲ್ಲ. ಅದರ ಸೂತ್ರಸ್ಥಾನದ 16ನೆಯ ಅಧ್ಯಾಯದಲ್ಲಿ, ಬಳ್ಳಿಯ ಎಲೆಯಿಂದ ಮೂಗಿನ ಅಳತೆ ತೆಗೆದುಕೊಂಡು ಕೆನ್ನೆಯ ಚರ್ಮದಿಂದ ಮೂಗನ್ನು ಕಟ್ಟುವ ಕ್ರಮವಿದೆ. ಉಸಿರಾಟಕ್ಕಾಗಿ ಎರಡು ನಾಳಗಳನ್ನಿಡಬೇಕೆಂದೂ ಅಲ್ಲಿದೆ. ಗಾಯ ಕೂಡಿದ ಮೇಲೆ ಮೂಗು ಕಿರಿದಾಗಿದ್ದರೆ ಅದನ್ನು ಬೆಳೆಸಲು ಯತ್ನಿಸಬೇಕು, ಮಾಂಸ ಅತಿಯಾಗಿ ಬೆಳೆದಿದ್ದರೆ ಸಮ ಮಾಡಬೇಕು ಎಂಬ ಸೂಚನೆಯೂ ಅದೇ ಅಧ್ಯಾಯದಲ್ಲಿ ಬರುತ್ತದೆ. ಮರುಶಸ್ತ್ರಕ್ರಿಯೆಯ ಯೋಚನೆ ಮೂಲ ಶಸ್ತ್ರಕ್ರಿಯೆಯಷ್ಟೇ ಹಳೆಯದು.

ಪುಣೆಯ ವರದಿಯನ್ನು ಓದಿದ ಕಾರ್ಪ್ಯೂ ಎಂಬ ಲಂಡನ್ನಿನ ಶಸ್ತ್ರವೈದ್ಯನು 1814ರಲ್ಲಿ ಅದೇ ಕ್ರಮದಿಂದ ಮೂಗು ಕಟ್ಟಿ 1816ರಲ್ಲಿ ಪುಸ್ತಕ ಬರೆದನು. ಇದ್ದ ಮೂಗನ್ನೇ ಅಂದಕ್ಕಾಗಿ ತಿದ್ದುವ ಕೆಲಸವನ್ನು ಅಮೆರಿಕದ ರೋ 1887ರಲ್ಲಿ, ಬರ್ಲಿನ್ನಿನ ಜೋಸೆಫ್ 1898ರಲ್ಲಿ ಮಾಡಿ ತೋರಿಸಿದರು. ಉಳಿದ ಇತಿಹಾಸ ನಮಗಿಲ್ಲಿ ಬೇಡ.

ಈಗ ಪ್ರಶ್ನೆಗೆ ಬರೋಣ. ಬೀಳಗಿ ತಾಲೂಕಿನ ಒಬ್ಬ ವಿದ್ಯಾರ್ಥಿನಿ ಮೋಟಾರು ಸೈಕಲ್ಲಿನಿಂದ ಬಿದ್ದು ಮೂಗು ಮುರಿದುಕೊಂಡಿದ್ದಳು. ದೂರದ ನಗರವೊಂದರಲ್ಲಿ ಶಸ್ತ್ರಕ್ರಿಯೆಯಾಯಿತು. ಮೂರು ತಿಂಗಳಾದ ಮೇಲೆ ಅವಳು ನಮ್ಮ ಬಳಿ ಬಂದು, "ಸರ್, ತುದಿ ದಪ್ಪಗೇ ಉಳಿದದ, ಒಂದು ಕಡಿ ಉಸಿರೂ ಕಟ್ಟತದ. ಅಪ್ಪಾ ಎಮ್ಮಿ ಮಾರಿ ಮತ್ತೊಮ್ಮೆ ಮಾಡಸೂಣು ಅಂತಾನ. ಮಾಡಿಸಲೇನ್ರಿ?" ಎಂದು ಕೇಳಿದಳು. ಭೌತಶಾಸ್ತ್ರದ ಅಧ್ಯಾಪಕರಾದ ನಾವು ಇದಕ್ಕೆ ವೈದ್ಯರಂತೆ ಉತ್ತರ ಹೇಳಲಾರೆವು. ಆದರೆ ಅವಳ ಮಾತಿನಲ್ಲಿ ಎರಡು ಬೇರೆ ಬೇರೆ ದೂರುಗಳಿದ್ದುವು: ಒಂದು ಕಾಣುವುದರ ಬಗೆಗೆ, ಇನ್ನೊಂದು ಉಸಿರಿನ ಬಗೆಗೆ. ಎರಡರ ಹಿಂದೆಯೂ ನಾವು ತರಗತಿಯಲ್ಲಿ ಕಲಿಸುವ ನಿಯಮಗಳೇ ಇವೆ. ಅವುಗಳನ್ನು ತಿಳಿದವನು ವೈದ್ಯರ ಮುಂದೆ ಕುಳಿತಾಗ ಸರಿಯಾದ ಪ್ರಶ್ನೆ ಕೇಳಬಲ್ಲನು.

ಮೊದಲು ಉಸಿರನ್ನು ತೆಗೆದುಕೊಳ್ಳೋಣ. ಪದವಿ ತರಗತಿಯ ಪ್ರಯೋಗಶಾಲೆಯಲ್ಲಿ ಲೋಮನಾಳದ ಮೂಲಕ ನೀರು ಹರಿಸಿ ಅದರ ಸ್ನಿಗ್ಧತೆಯನ್ನು ಅಳೆಯುವ ಪ್ರಯೋಗವನ್ನು ಅನೇಕರು ಮಾಡಿದ್ದೀರಿ. ಪೊಯ್ಸಿಯನ ನಿಯಮದ ಪ್ರಕಾರ, ಒತ್ತಡದ ಅಂತರ ಒಂದೇ ಆಗಿರುವಾಗ ನಾಳದಲ್ಲಿ ಹರಿಯುವ ದ್ರವದ ಪ್ರಮಾಣವು ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ತ್ರಿಜ್ಯ ನೂರಕ್ಕೆ ಹತ್ತರಷ್ಟು ಕಿರಿದಾದರೆ ಹರಿವು 0.9ರ ನಾಲ್ಕನೆಯ ಘಾತಕ್ಕೆ, ಅಂದರೆ ಸುಮಾರು 0.66ಕ್ಕೆ ಇಳಿಯುತ್ತದೆ. ಇಪ್ಪತ್ತರಷ್ಟು ಕಿರಿದಾದರೆ 0.41ಕ್ಕೆ! ಮೂಗು ದುಂಡನೆಯ ಗಾಜಿನ ನಾಳವಲ್ಲ, ಅದರಲ್ಲಿ ಗಾಳಿ ಸುಳಿಸುಳಿಯಾಗಿಯೂ ಹರಿಯುತ್ತದೆ. ಆದುದರಿಂದ ಈ ಅಂಕಿಗಳನ್ನು ಅಕ್ಷರಶಃ ಅನ್ವಯಿಸಬಾರದು. ಆದರೂ ಪಾಠ ನಿಜ: ಹೊರಗಿನಿಂದ ಕಣ್ಣಿಗೆ ಬೀಳದಷ್ಟು ಅಲ್ಪವಾದ ಸಂಕೋಚವು ಉಸಿರನ್ನು ಬಹಳವಾಗಿ ತಡೆಯಬಲ್ಲುದು. ನಮ್ಮ ಇಡೀ ಶ್ವಾಸಮಾರ್ಗದ ತಡೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೂಗಿನದೇ.

ಮೂಗಿನೊಳಗೆ ಅತ್ಯಂತ ಇಕ್ಕಟ್ಟಾದ ಜಾಗ ಹೊಳ್ಳೆಯ ದ್ವಾರದಿಂದ ಸ್ವಲ್ಪ ಮೇಲಿದೆ. ಅಲ್ಲಿ ನಡುಗೋಡೆಗೂ ಪಕ್ಕದ ಮೃದ್ವಸ್ಥಿಗೂ ನಡುವಿನ ಕೋನ ಸಾಮಾನ್ಯವಾಗಿ 10ರಿಂದ 15 ಡಿಗ್ರಿಯಷ್ಟೆ. ವೈದ್ಯರು ಇದನ್ನು ಮೂಗಿನ ಕವಾಟವೆನ್ನುತ್ತಾರೆ. ಇಕ್ಕಟ್ಟಾದ ಕಡೆ ಗಾಳಿಯ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಕುಗ್ಗುತ್ತದೆ. ಇದು ಬರ್ನೂಲಿಯ ತತ್ತ್ವ. ಹೊರಗಿನ ವಾತಾವರಣದ ಒತ್ತಡವು ಪಕ್ಕದ ಗೋಡೆಯನ್ನು ಒಳಕ್ಕೆ ಒತ್ತುತ್ತದೆ. ಗೋಡೆ ಬಿಗಿಯಾಗಿದ್ದರೆ ತಡೆದುಕೊಳ್ಳುತ್ತದೆ. ಮೂಗನ್ನು ಸಪುರ ಮಾಡುವ ಉತ್ಸಾಹದಲ್ಲಿ ಅಲ್ಲಿಯ ಮೃದ್ವಸ್ಥಿಯನ್ನು ಅತಿಯಾಗಿ ತೆಗೆದಿದ್ದರೆ, ಜೋರಾಗಿ ಉಸಿರೆಳೆದಾಗಲೆಲ್ಲ ಗೋಡೆ ಒಳಕ್ಕೆ ಕುಸಿಯುತ್ತದೆ. ಎಷ್ಟು ಬಲವಾಗಿ ಎಳೆದರೆ ಅಷ್ಟು ಬಲವಾಗಿ ಮುಚ್ಚುವ ಬಾಗಿಲು ಇದು. ಓದುಗರು ಈಗಲೇ ಒಂದು ಪರೀಕ್ಷೆ ಮಾಡಬಹುದು: ಮೂಗಿನ ಪಕ್ಕದ ಕೆನ್ನೆಯನ್ನು ಬೆರಳಿನಿಂದ ಮೆಲ್ಲಗೆ ಹೊರಕ್ಕೆ ಎಳೆದು ಉಸಿರಾಡಿರಿ. ಕವಾಟ ತೆರೆದು ಗಾಳಿ ಸಲೀಸಾಗಿ ಬರುವುದು ಅನುಭವಕ್ಕೆ ಬರುತ್ತದೆ. ವೈದ್ಯರೂ ಇದೇ ಪರೀಕ್ಷೆಯನ್ನು ಮಾಡುತ್ತಾರೆ. ಆರೋಗ್ಯವಂತರಲ್ಲಿಯೂ ಇದರಿಂದ ಸ್ವಲ್ಪ ವ್ಯತ್ಯಾಸ ಕಾಣುವುದರಿಂದ ಇದೊಂದರಿಂದಲೇ ನಿರ್ಣಯಕ್ಕೆ ಬರುವಂತಿಲ್ಲ.

ಹಾಗಾಗಿ ಉಸಿರು ಕಟ್ಟುವ ದೂರನ್ನು ಅಂದದ ದೂರಿಗಿಂತ ಮೇಲಿಡಬೇಕೆಂಬುದು ನಮ್ಮ ಅಭಿಪ್ರಾಯ. ಊತವಿರುವ ಮೊದಲ ವಾರಗಳಲ್ಲಿ ಮೂಗು ಕಟ್ಟುವುದು ಸಹಜ. ಊತ ಇಳಿದ ಮೇಲೂ ಒಂದು ಪಕ್ಕ ಬಿಡದೆ ಕಟ್ಟಿದ್ದರೆ ಅದನ್ನು ನಾಚಿಕೆಯಿಂದ ಮುಚ್ಚಿಡಬಾರದು. ನಡುಗೋಡೆ ಇನ್ನೂ ಬಾಗಿದೆಯೇ, ಅದರಲ್ಲಿ ತೂತು ಬಿದ್ದಿದೆಯೇ, ಕವಾಟ ಕುಸಿದಿದೆಯೇ ಎಂಬುದನ್ನು ಕಿವಿ-ಮೂಗು-ಗಂಟಲಿನ ತಜ್ಞರು ಒಳಗೆ ನೋಡಿಯೇ ಹೇಳಬೇಕು.

ಇನ್ನು ರೂಪದ ಮಾತು. ಮೂರು ತಿಂಗಳ ಮೂಗು ಇನ್ನೂ ಮೂಗಾಗಿಲ್ಲವೆಂದರೆ ವಿದ್ಯಾರ್ಥಿಗಳು ನಗಬಹುದು. ಗಾಯ ಮಾಯುವಾಗ ದೇಹವು ಮೊದಲು ಆತುರದಿಂದ ಕೊಲಾಜನ್ ಎಂಬ ನಾರುಗಳನ್ನು ಹೆಣೆಯುತ್ತದೆ. ಆ ಹೆಣಿಗೆ ಅಸ್ತವ್ಯಸ್ತವಾದುದು. ಆಮೇಲೆ ತಿಂಗಳುಗಟ್ಟಲೆ ಅದನ್ನು ಬಿಚ್ಚಿ, ಬಲವಾದ ಬೇರೆ ಬಗೆಯ ನಾರುಗಳಿಂದ, ಎಳೆತದ ದಿಕ್ಕಿಗೆ ಸರಿಯಾಗಿ ಮತ್ತೆ ಹೆಣೆಯುತ್ತದೆ. ಚರ್ಮದ ಗಾಯವು ಮೊದಲ ವಾರದ ಕೊನೆಗೆ ಮೂಲ ಚರ್ಮದ ಬಲದಲ್ಲಿ ನೂರಕ್ಕೆ ಮೂರು ಪಾಲಷ್ಟನ್ನು, ಮೂರನೆಯ ವಾರಕ್ಕೆ ಇಪ್ಪತ್ತು ಮೂವತ್ತು ಪಾಲನ್ನು, ಮೂರು ತಿಂಗಳಿಗೆ ಹೆಚ್ಚೆಂದರೆ ಎಂಬತ್ತು ಪಾಲನ್ನು ಪಡೆಯುತ್ತದೆ. ನೂರಕ್ಕೆ ನೂರು ಎಂದಿಗೂ ಬರುವುದಿಲ್ಲ. ರಬಕವಿ-ಬನಹಟ್ಟಿಗಳ ಮಗ್ಗದ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಹಾಸಿನ ಎಳೆ ಹರಿದಲ್ಲಿ ಗಂಟು ಹಾಕಿ ಮುಂದುವರಿಯಬಹುದು, ಆದರೆ ಗಂಟು ಗಂಟೇ. ಅದೇ ಜಾಗದಲ್ಲಿ ಮತ್ತೆ ಮತ್ತೆ ಎಳೆ ಹರಿದರೆ ಸೀರೆಯ ಮೈ ಅಲ್ಲಿ ಒರಟಾಗುತ್ತದೆ.

ಮೂಗಿನ ತುದಿಯಲ್ಲಿ ಊತ ಎಲ್ಲಕ್ಕಿಂತ ನಿಧಾನವಾಗಿ ಇಳಿಯುತ್ತದೆ. ದಪ್ಪ ಚರ್ಮದವರಲ್ಲಿ ಇನ್ನೂ ನಿಧಾನ. ಈ ಕಾರಣದಿಂದಲೇ ಮರುಶಸ್ತ್ರಕ್ರಿಯೆಗೆ ಸಾಮಾನ್ಯವಾಗಿ ಕನಿಷ್ಠ 12 ತಿಂಗಳು ಕಾಯಬೇಕೆಂದು ಶಸ್ತ್ರವೈದ್ಯರು ಹೇಳುತ್ತಾರೆ. ಇದು ರೋಗಿಯನ್ನು ಸಾಗಹಾಕುವ ಮಾತಲ್ಲ. ಊದಿದ ತುದಿಯನ್ನು ಕಂಡು ಅದರೊಳಗಿನ ಮೃದ್ವಸ್ಥಿಯನ್ನು ಕಿರಿದು ಮಾಡಿದರೆ, ಊತ ಇಳಿದ ಮೇಲೆ ತುದಿ ಚಿವುಟಿದಂತೆ ಒಳಸೇರುತ್ತದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ಗಾದೆಯನ್ನು ನಮ್ಮ ಹಿರಿಯರು ಬೇರೆ ಅರ್ಥದಲ್ಲಿ ಆಡುತ್ತಿದ್ದರು; ಇಲ್ಲಿ ಅದು ಅಕ್ಷರಶಃ ಸಲ್ಲುತ್ತದೆ. ಕಾಯದೆ ಮಾಡಬೇಕಾದ ಸಂದರ್ಭಗಳೂ ಇವೆ: ಕೀವು, ಜ್ವರ, ಚರ್ಮ ಕಪ್ಪಾಗುವುದು, ಒಳಗೆ ರಕ್ತ ಹೆಪ್ಪುಗಟ್ಟಿ ನಡುಗೋಡೆ ಊದುವುದು. ಇವುಗಳಲ್ಲಿ ಒಂದು ದಿನವೂ ತಡ ಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಕಾಯುವ ಈ ಒಂದು ವರ್ಷದಲ್ಲಿ ರೋಗಿಯನ್ನು ಅತಿ ಹೆಚ್ಚು ಕಾಡುವುದು ಕೈಯಲ್ಲಿರುವ ಮೊಬೈಲು. ಇದರಲ್ಲಿ ಬಹುಪಾಲು ಬರಿಯ ಜ್ಯಾಮಿತಿಯಾಗಿದೆ. ಮೂಗಿನ ತುದಿಯಿಂದ ಕಿವಿಯವರೆಗೆ ಹಿಂದಕ್ಕೆ 12 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಮೊಬೈಲನ್ನು ಮೂಗಿನಿಂದ 24 ಸೆಂಟಿಮೀಟರು ದೂರದಲ್ಲಿ ಹಿಡಿದರೆ ಕಿವಿ 36 ಸೆಂಟಿಮೀಟರು ದೂರದಲ್ಲಿರುತ್ತದೆ. ಬಿಂಬದ ಗಾತ್ರವು ದೂರಕ್ಕೆ ವಿಲೋಮಾನುಪಾತದಲ್ಲಿರುವುದರಿಂದ, ಚಿತ್ರದಲ್ಲಿ ಮೂಗು ಕಿವಿಗಿಂತ ಒಂದೂವರೆ ಪಟ್ಟು ಹಿಗ್ಗಿ ಕಾಣುತ್ತದೆ. ಅದೇ ಮೊಬೈಲನ್ನು 144 ಸೆಂಟಿಮೀಟರು ದೂರ ಇಟ್ಟರೆ, ಕಿವಿ 156ರಲ್ಲಿ, ಅನುಪಾತ 1.08 ಮಾತ್ರ. ಮೂಗು ಬದಲಾಗಿಲ್ಲ, ತೋಳಿನ ಉದ್ದ ಬದಲಾಯಿತು! 2018ರಲ್ಲಿ ಅಮೆರಿಕದ ಸಂಶೋಧಕರು ಕೆನ್ನೆಯೆಲುಬಿನ ಅಗಲವನ್ನು ಆಧಾರವಾಗಿಟ್ಟು ಇಂತಹುದೇ ಲೆಕ್ಕ ಮಾಡಿದರು. 12 ಅಂಗುಲದ ದೂರದಿಂದ ತೆಗೆದ ಚಿತ್ರದಲ್ಲಿ ಮೂಗು 5 ಅಡಿಯ ಚಿತ್ರಕ್ಕಿಂತ ನೂರಕ್ಕೆ ಸುಮಾರು 30ರಷ್ಟು ಅಗಲವಾಗಿ ಕಾಣುವುದೆಂದು ತೋರಿಸಿದರು.

ಇದಕ್ಕೆ ಕನ್ನಡಿಯೂ ಒಂದು ತೊಡಕನ್ನು ಸೇರಿಸುತ್ತದೆ. ಸಮತಲ ದರ್ಪಣದಲ್ಲಿ ನಾವು ನೋಡಿ ರೂಢಿಯಾದ ಮುಖ ಎಡಬಲ ಬದಲಾದುದು. ಇತರರು ತೆಗೆದ ಚಿತ್ರದಲ್ಲಿ ಅದು ಬದಲಾಗಿರುವುದಿಲ್ಲ. ಎಡಕ್ಕೆ ಕೂದಲೆಳೆಯಷ್ಟು ವಾಲಿದ ಮೂಗು ಚಿತ್ರದಲ್ಲಿ ಬಲಕ್ಕೆ ವಾಲಿದಂತಾಗಿ, ರೂಢಿಯ ಕಣ್ಣಿಗೆ ವ್ಯತ್ಯಾಸ ಇಮ್ಮಡಿಯಾಗಿ ತೋರುತ್ತದೆ. ಪಕ್ಕದಿಂದ ಬೀಳುವ ಬೆಳಕಿನಲ್ಲಿ ಮೂಗಿನ ಏಣಿನ ನೆರಳು ಇನ್ನೊಂದು ಡೊಂಕನ್ನು ಸೃಷ್ಟಿಸುತ್ತದೆ. ಆದುದರಿಂದ ಹೋಲಿಸಬೇಕೆನ್ನುವವರು ಒಂದೂವರೆ ಮೀಟರು ದೂರದಿಂದ, ಒಂದೇ ಬೆಳಕಿನಲ್ಲಿ, ತಿಂಗಳಿಗೊಮ್ಮೆ ಮಾತ್ರ, ಬೇರೆಯವರ ಕೈಯಲ್ಲಿ ಚಿತ್ರ ತೆಗೆಸಬೇಕು. ಮುಧೋಳದ ನಾಯಿಯ ನೀಳವಾದ ಮೂತಿಯನ್ನು ಮೆಚ್ಚಿ ಹೊಗಳುವ ನಾವು ಮನುಷ್ಯನ ಮೂಗು ಕಾಲಂಗುಲ ಮುಂದಾದರೆ ಮುಖ ಮುರಿಯುವುದೇಕೋ!

ನಗೆಯಲ್ಲಿ ತೇಲಿಸಲಾಗದ ಸಂಗತಿಯೊಂದಿದೆ. ಕೆಲವರಲ್ಲಿ, ಬೇರೆಯವರಿಗೆ ಕಾಣದಷ್ಟು ಸಣ್ಣ ಲೋಪದ ಚಿಂತೆ ದಿನದ ಗಂಟೆಗಟ್ಟಲೆ ಹೊತ್ತನ್ನು ನುಂಗುತ್ತದೆ. ಅವರು ಕಾಲೇಜಿಗೆ ಬರುವುದನ್ನು ಬಿಡುತ್ತಾರೆ, ಮುಖ ಮುಚ್ಚಿಕೊಂಡು ಓಡಾಡುತ್ತಾರೆ. ಇದು ಮನೋವೈದ್ಯರು ಗುರುತಿಸಿರುವ ಒಂದು ಕಾಯಿಲೆ, ಹುಡುಗಾಟವಲ್ಲ. ಇಂತಹವರಿಗೆ ಎರಡನೆಯ ಶಸ್ತ್ರಕ್ರಿಯೆಯಿಂದಲೂ ಮೂರನೆಯದರಿಂದಲೂ ಸಮಾಧಾನ ಸಿಗುವುದು ಅಪರೂಪ. ಮಾತಿನ ಚಿಕಿತ್ಸೆಯಿಂದಲೂ ಔಷಧಿಯಿಂದಲೂ ಗುಣ ಕಾಣುತ್ತದೆ. ಸರಕಾರದ ಟೆಲಿ ಮಾನಸ್ ದೂರವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನು, ನಿಜವಾದ ದೋಷವಿದ್ದು ವರ್ಷವೂ ಕಳೆದಿದ್ದರೆ ಏನು ಮಾಡಬಹುದು? ಮೊದಲ ಶಸ್ತ್ರಕ್ರಿಯೆಯ ನಂತರ ನೂರರಲ್ಲಿ ಐದರಿಂದ ಹದಿನೈದು ಮಂದಿಗೆ ಮರುತಿದ್ದುಪಡಿ ಬೇಕಾಗುತ್ತದೆಂಬುದು ವೈದ್ಯರ ಸಾಮಾನ್ಯ ಅಂದಾಜು. ಅಂದಮೇಲೆ ಇದು ರೋಗಿಯ ದುರದೃಷ್ಟವೆಂದಾಗಲಿ ವೈದ್ಯನ ಅಪರಾಧವೆಂದಾಗಲಿ ಕೂಡಲೆ ಹೇಳುವಂತಿಲ್ಲ. ಸಣ್ಣ ಏಣು, ಚಿಕ್ಕ ತಗ್ಗು ಇಂತಹವುಗಳಿಗೆ ಸಣ್ಣ ತಿದ್ದುಪಡಿ ಸಾಕು. ಬೆನ್ನು ಕುಸಿದಿದ್ದರೆ, ಕವಾಟ ಕೆಟ್ಟಿದ್ದರೆ, ತೆಗೆದುದನ್ನು ಮತ್ತೆ ಕಟ್ಟಿಕೊಡಬೇಕು. ಕಟ್ಟಲು ಸಾಮಗ್ರಿ ಬೇಕು. ಎಲ್ಲಕ್ಕಿಂತ ಒಳ್ಳೆಯದು ಮೂಗಿನ ನಡುಗೋಡೆಯ ಮೃದ್ವಸ್ಥಿ. ಆದರೆ ಮೊದಲ ಸಲವೇ ಅದು ಖರ್ಚಾಗಿರುವುದುಂಟು. ಎರಡನೆಯದು ಕಿವಿಯ ಬಟ್ಟಲಿನದು. ಅದು ಸ್ವಭಾವತಃ ಬಾಗಿರುವುದರಿಂದ ನೇರವಾದ ಆಧಾರಕ್ಕೆ ಅಷ್ಟಾಗಿ ಒದಗದು. ಮೂರನೆಯದು ಪಕ್ಕೆಲುಬಿನದು. ಅದು ಧಾರಾಳವಾಗಿ ಸಿಗುತ್ತದೆ. ಎದೆಯ ಮೇಲೆ ಒಂದು ಗಾಯದ ಗುರುತು ಉಳಿಯುತ್ತದೆ. ವಯಸ್ಸಾದಂತೆ ಅದು ಸುಣ್ಣಗಟ್ಟಿ ಗಡುಸಾಗುತ್ತದೆ.

ಪಕ್ಕೆಲುಬಿನ ಮೃದ್ವಸ್ಥಿಗೆ ಇನ್ನೊಂದು ಗುಣವಿದೆ. ಭೌತಶಾಸ್ತ್ರದ ವಿದ್ಯಾರ್ಥಿಗೆ ಅದು ಬಹಳ ಸ್ವಾರಸ್ಯಕರ. ಅದನ್ನು ನೆಟ್ಟಗೆ ಕೆತ್ತಿಟ್ಟರೂ ಕೆಲವೊಮ್ಮೆ ತಾನೇ ಬಾಗುತ್ತದೆ. ನೇರವಾಗಿ ಕೂಡಿಸಿದ ಮೂಗು ತಿಂಗಳುಗಳ ಮೇಲೆ ಡೊಂಕಾಗುವುದಕ್ಕೆ ಇದೂ ಒಂದು ಕಾರಣ. 1958ರಲ್ಲಿ ಗಿಬ್ಸನ್ ಮತ್ತು ಡೇವಿಸ್ ಎಂಬ ಇಬ್ಬರು ಇದರ ಮರ್ಮವನ್ನು ವಿವರಿಸಿದರು. ಮೃದ್ವಸ್ಥಿಯ ಒಳಭಾಗ ನೀರು ಹೀರಿ ಹಿಗ್ಗಲು ಯತ್ನಿಸುತ್ತದೆ; ಹೊರಪದರದ ನಾರುಗಳು ಅದನ್ನು ಬಿಗಿಹಿಡಿದಿರುತ್ತವೆ. ಸುತ್ತಲೂ ಬಿಗಿತ ಸಮವಾಗಿರುವಾಗ ಕಂಬಿ ನೆಟ್ಟಗಿರುತ್ತದೆ. ಒಂದು ಬದಿಯ ಹೊರಪದರವನ್ನು ಕೆತ್ತಿ ಹಾಕಿದರೆ ಸಮತೋಲ ತಪ್ಪಿ, ಪದರ ಉಳಿದ ಬದಿಯ ಕಡೆಗೆ ಅದು ಬಾಗುತ್ತದೆ. ಇದನ್ನು ನೋಡಬೇಕಾದರೆ ಹೊಲದಿಂದ ಈರುಳ್ಳಿಯ ಎಳೆಯ ಹೂದಂಟನ್ನು ತಂದು ಉದ್ದಕ್ಕೆ ಸೀಳಿರಿ. ಎರಡು ಹೋಳುಗಳೂ ಸಿಪ್ಪೆಯ ಕಡೆಗೆ, ಅಂದರೆ ಹೊರಕ್ಕೆ ಬಾಗುತ್ತವೆ. ಕಾರಣ ಅದೇ. ಆದುದರಿಂದ ಪಕ್ಕೆಲುಬಿನ ನಡುಭಾಗದಿಂದ ನಾಲ್ಕೂ ಬದಿ ಸಮವಾಗಿ ಕೆತ್ತಬೇಕು. ಕೆತ್ತಿದುದನ್ನು ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಬಾಗುವುದಾದರೆ ಅಲ್ಲಿಯೇ ಬಾಗಲು ಬಿಟ್ಟು, ಆಮೇಲೆ ಕೂಡಿಸಬೇಕು.

ಸಿಲಿಕೋನಿನಂತಹ ಕೃತಕ ವಸ್ತುಗಳನ್ನು ಕೂಡಿಸುವುದೂ ಉಂಟು. ಒಮ್ಮೆ ಕೊಯ್ದು ಗಡುಸಾದ ಚರ್ಮದಡಿಯಲ್ಲಿ ಅವು ಕೀವಾಗುವ, ಚರ್ಮವನ್ನು ಒತ್ತಿ ಹೊರಬರುವ ಅಪಾಯ ಹೆಚ್ಚು. ತಗ್ಗನ್ನು ಚುಚ್ಚುಮದ್ದಿನಿಂದ ತುಂಬುವುದು ಈಗ ಅಗ್ಗದ ಉಪಾಯವಾಗಿ ಹಬ್ಬಿದೆ. ಕೊಯ್ತವಿಲ್ಲವೆಂಬ ಮಾತ್ರಕ್ಕೆ ಇದನ್ನು ನಿರಪಾಯವೆಂದು ನಂಬಬಾರದು. ಆ ದ್ರವ್ಯವು ಅಪಧಮನಿಯೊಳಗೆ ಹೊಕ್ಕರೆ ಚರ್ಮ ಸಾಯುತ್ತದೆ. ಕಣ್ಣಿಗೆ ಹೋಗುವ ನಾಳವನ್ನು ಮುಚ್ಚಿದರೆ ದೃಷ್ಟಿಯೇ ಹೋಗಬಹುದು. ಮೊದಲೇ ಶಸ್ತ್ರಕ್ರಿಯೆಯಾದ ಮೂಗಿನಲ್ಲಿ ರಕ್ತನಾಳಗಳ ಹಾದಿ ಬದಲಾಗಿರುವುದರಿಂದ ಅಪಾಯ ಇನ್ನೂ ಹೆಚ್ಚು. ಸೌಂದರ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದವರ ಕೈಯಲ್ಲಿ ಇದನ್ನು ಮಾಡಿಸಿಕೊಳ್ಳಲೇಬಾರದು.

ಬೀಳಗಿಯ ಆ ವಿದ್ಯಾರ್ಥಿನಿಗೆ ನಾವು ಹೇಳಿದುದು ಇಷ್ಟು: ಎಮ್ಮೆ ಸದ್ಯಕ್ಕೆ ಕೊಟ್ಟಿಗೆಯಲ್ಲಿಯೇ ಇರಲಿ. ಮೊದಲು ಶಸ್ತ್ರಕ್ರಿಯೆ ಮಾಡಿದ ವೈದ್ಯರನ್ನೇ ಕಂಡು ಉಸಿರಿನ ವಿಷಯ ಹೇಳಬೇಕು. ಅವರಿಂದ ಶಸ್ತ್ರಕ್ರಿಯೆಯ ವಿವರದ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಬೇಕು. ಯಾವ ಮೃದ್ವಸ್ಥಿ ತೆಗೆದರು, ಎಷ್ಟು ಉಳಿದಿದೆ ಎಂಬುದು ಅದರಲ್ಲಿರುತ್ತದೆ. ಎರಡನೆಯ ವೈದ್ಯನಿಗೆ ಅದೇ ನಕಾಶೆ. ವೈದ್ಯರ ವೃತ್ತಿನಡತೆಯ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು, ಕೇಳಿದವರಿಗೆ 72 ಗಂಟೆಗಳೊಳಗೆ ಕೊಡಬೇಕು. ಅನಂತರ ಬೇರೊಬ್ಬ ತಜ್ಞರ ಅಭಿಪ್ರಾಯ. ಬಾಗಲಕೋಟೆ, ಬೆಳಗಾವಿ, ಹುಬ್ಬಳ್ಳಿಗಳ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ನಮ್ಮ ಊರುಗಳಿಗೆ ಸಮೀಪದವು. ವೈದ್ಯರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಇಲ್ಲವೆ ಕಿವಿ-ಮೂಗು-ಗಂಟಲಿನ ವಿಭಾಗದಲ್ಲಿ ಉನ್ನತ ಪದವಿ ಪಡೆದವರೇ ಎಂದು ಕೇಳುವುದರಲ್ಲಿ ಅವಮರ್ಯಾದೆಯೇನೂ ಇಲ್ಲ. ಇಂತಹ ಎರಡನೆಯ ಶಸ್ತ್ರಕ್ರಿಯೆಗಳನ್ನು ಎಷ್ಟು ಮಾಡಿದ್ದೀರಿ, ಮೃದ್ವಸ್ಥಿ ಎಲ್ಲಿಂದ ತೆಗೆಯುತ್ತೀರಿ, ಏನನ್ನು ಸರಿಮಾಡಲಾಗದು, ಎಂದೂ ಕೇಳಬೇಕು. ಮೂರನೆಯ ಪ್ರಶ್ನೆಗೆ ಬರುವ ಉತ್ತರದಿಂದಲೇ ವೈದ್ಯನ ಯೋಗ್ಯತೆ ಹೆಚ್ಚಾಗಿ ತಿಳಿಯುತ್ತದೆಂಬುದು ನಮ್ಮ ಎಣಿಕೆ.

ಅವಳ ಊತ ಇಳಿದ ಮೇಲೂ ಉಸಿರಿನ ತೊಂದರೆ ಉಳಿಯಿತು. ನಡುಗೋಡೆ ಒಂದು ಕಡೆ ಬಾಗಿಯೇ ಇದೆಯೆಂದು ಪರೀಕ್ಷೆಯಲ್ಲಿ ಗೊತ್ತಾಯಿತು. ತುದಿಯ ದಪ್ಪ ಮಾತ್ರ ತಾನಾಗಿಯೇ ಬಹುಮಟ್ಟಿಗೆ ಕರಗಿತು. ವರ್ಷ ತುಂಬಿದ ಮೇಲೆ ನಡುಗೋಡೆಯನ್ನಷ್ಟೇ ಸರಿಮಾಡಿಸಿಕೊಳ್ಳುವುದೆಂದು ಮನೆಯವರು ನಿಶ್ಚಯಿಸಿದರು. ಅವಳು ಕೊನೆಗೆ ಕೇಳಿದ ಎರಡು ಸಂದೇಹಗಳು ಇತರರಿಗೂ ಬರಬಹುದಾದುವು. ಕನ್ನಡಕದ ವಿಷಯ: ಮೂಗಿನ ಎಲುಬನ್ನು ಕತ್ತರಿಸಿ ಕೂಡಿಸಿದ್ದರೆ ನಾಲ್ಕರಿಂದ ಆರು ವಾರ ಕನ್ನಡಕದ ಭಾರ ಅದರ ಮೇಲೆ ಬೀಳಬಾರದು, ಅಷ್ಟು ದಿನ ಅದನ್ನು ಹಣೆಗೆ ಪಟ್ಟಿ ಅಂಟಿಸಿ ತೂಗಿಸುತ್ತಾರೆ. ಮೂಗುತಿಯ ವಿಷಯ: ಹಳೆಯ ತೂತಿದ್ದರೂ ವೈದ್ಯರು ಹೇಳುವ ತನಕ ಇಟ್ಟುಕೊಳ್ಳಬಾರದು; ಜಾತ್ರೆ ಬಂದಿತೆಂದು ಹೊಸದಾಗಿ ಚುಚ್ಚಿಸಿಕೊಳ್ಳಲಂತೂ ಬಾರದು.